ಅರವತ್ತಮೂರು ಚುಕ್ಕಿ

ಚಾಲನಾ ಪರವಾನಗಿಯ ಮೇಲೆ ಹೆಬ್ಬೆರಳಿನ ಉಗುರಿನಷ್ಟಿದ್ದ ಮುತ್ಯಾನ ಮುಖ ಹನ್ನೊಂದು ನಿಮಿಷದಲ್ಲಿ ಮೂರು ಅಂತಸ್ತಿನ ಎತ್ತರಕ್ಕೆ ಮುದ್ರಿಸುವಷ್ಟು ಬೆಳೆದು ನಿಂತಿತು. ಬೆಳೆದದ್ದು ದೊಡ್ಡ ಸಂಗತಿಯಲ್ಲ. ಯಾವ ಚಿತ್ರವನ್ನಾದರೂ ಎಳೆದು ದೊಡ್ಡದು ಮಾಡಬಹುದು. ಆದರೆ ಹಾಗೆ ಎಳೆದರೆ ಅದು ಒಡೆದು ಚೌಕ ಚೌಕವಾಗಬೇಕಿತ್ತು. ಆಗಲಿಲ್ಲ. ಹುಬ್ಬಳ್ಳಿಯ ಸಂಗಮ ಪ್ರಿಂಟರ್ಸ್‌ನ ದೊಡ್ಡ ಪರದೆಯ ಮೇಲೆ ಮುತ್ಯಾನ ಹುಬ್ಬಿನ ಒಂದೊಂದು ಕೂದಲೂ ಕಂಡಿತು, ಗದ್ದದ ಮೇಲಿನ ಹಳೆಯ ಗಾಯದ ಗೆರೆ ಕಂಡಿತು, ಕಿವಿಯೊಳಗಿಂದ ಇಣುಕುವ ನಾಲ್ಕು ಬಿಳಿ ಕೂದಲೂ ಕಂಡವು. ಮೊಮ್ಮಗನ ಮದುವೆಯ ಮಂಟಪದ ಹಿಂದೆ ಕಟ್ಟಲು ತೀರಿಹೋದ ಗಂಡನ ಚಿತ್ರ ಮಾಡಿಸಲು ಬಂದಿದ್ದ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಅಯ್ಯ ಶಿವನ! ಕಿವ್ಯಾಗಿನ ಕೂದ್ಲಾ ಸೈತ ಬಂದಾವ. ಕತ್ತರಿಸ್ರಿ ಕತ್ತರಿಸ್ರಿ ಅಂತ ನಾಲ್ವತ್ತ ವರ್ಷ ಬಡಕೊಂಡೆ, ಕೇಳಲೇ ಇಲ್ಲ."

"ತಗದಬಿಡ್ಲೇನ್ರಿ ಆಯಿ?" ಎಂದು ನೀಲಗಂಗಾ ಕೇಳಿದಳು.

"ಬ್ಯಾಡ, ಇರ್ಲಿ ಬಿಡವ್ವ. ಸತ್ತ ಮ್ಯಾಲೂ ಮಾತ ಕೇಳೂದಿಲ್ಲಂದ್ರ ಯಾರೇನ ಮಾಡಬೇಕು."

ಪರವಾನಗಿಯ ಚಿತ್ರದಲ್ಲಿ ಕಿವಿಯೇ ಸರಿಯಾಗಿ ಇರಲಿಲ್ಲ ಎಂಬುದನ್ನು ನೀಲಗಂಗಾ ಹೇಳಲಿಲ್ಲ. ಅಳುವ ಗಿರಾಕಿಯ ಮುಂದೆ ಅಂಥದ್ದನ್ನು ಹೇಳುವವರು ಅಂಗಡಿ ನಡೆಸುವುದಿಲ್ಲ.

ನೀಲಗಂಗಾ ಹೂಗಾರ ಐವತ್ತೊಂದರ ಹೆಂಗಸು. ಫ್ಲೆಕ್ಸ್ ಎಂಬ ಪ್ಲಾಸ್ಟಿಕ್ ಬ್ಯಾನರು ನಿಷೇಧವಾಗಿ ಬಟ್ಟೆಯ ಮೇಲೆ ಮುದ್ರಿಸುವ ಕಾಲ ಬಂದು ಎಷ್ಟೋ ವರ್ಷವಾಗಿದ್ದರೂ ಜನ ಆಕೆಯ ಅಂಗಡಿಯನ್ನು ಫ್ಲೆಕ್ಸ್ ಅಂಗಡಿ ಎಂದೇ ಕರೆಯುತ್ತಿದ್ದರು. ಮುದ್ರಿಸುವುದು ಯಂತ್ರದ ಕೆಲಸ, ಯಾರು ಬೇಕಾದರೂ ಗುಂಡಿ ಒತ್ತಬಹುದು. ಅದಕ್ಕೆ ಮುಂಚೆ ಚಿತ್ರವನ್ನು ಅಣಿಗೊಳಿಸುವುದಿದೆಯಲ್ಲ, ಅದು ನೀಲಗಂಗಾಳ ಕೈಚಳಕ. ಡಿಜಿಟಲ್ ಚಿತ್ರವೆಂದರೆ ಬಣ್ಣದ ಪುಟ್ಟ ಚೌಕಗಳನ್ನು ಜೋಡಿಸಿದ ಹಾಸು. ಪುಸ್ತಕದಲ್ಲಿ ಅದಕ್ಕೆ ಪಿಕ್ಸೆಲ್ ಎನ್ನುತ್ತಾರೆ, ಆಕೆ ಚುಕ್ಕಿ ಎನ್ನುತ್ತಿದ್ದಳು. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಅಂಗುಲಕ್ಕೆ ಮುನ್ನೂರು ಚುಕ್ಕಿ ಬೇಕು. ರಸ್ತೆಯ ಆಚೆ ದಡದಿಂದ ನೋಡುವ ಬೋರ್ಡಿಗೆ ಹತ್ತೋ ಹದಿನೈದೋ ಸಾಕು, ಉಳಿದದ್ದನ್ನು ದೂರವೇ ಮುಚ್ಚಿಹಾಕುತ್ತದೆ. ಯಾವುದಕ್ಕೆ ಎಷ್ಟು ಚುಕ್ಕಿ, ಯಾವ ಮುಖ ಎಷ್ಟು ಎಳೆತ ತಾಳುತ್ತದೆ ಎಂಬುದನ್ನು ಆಕೆ ಕಣ್ಣಳತೆಯಲ್ಲಿ ಹೇಳುತ್ತಿದ್ದಳು.

ಹೇಳುತ್ತಿದ್ದಳು, ಧಾರವಾಡದ ಡಾಕ್ಟರ್ ಅಚ್ಯುತ ಇನಾಮದಾರರು ವಿವರಪೂರಣ ಯಂತ್ರವನ್ನು ಕಂಡುಹಿಡಿಯುವವರೆಗೆ. ಆ ಯಂತ್ರ ಚಿಕ್ಕ ಚಿತ್ರದಲ್ಲಿ ಇಲ್ಲದ ಚುಕ್ಕಿಗಳನ್ನು ತಾನೇ ತುಂಬುತ್ತಿತ್ತು. ಮೊದಲು ಅದೇ ಜಾಗದ, ಅದೇ ದಿನದ ಬೇರೆ ಚಿತ್ರಗಳು ಜಗತ್ತಿನ ಯಾವ ಸಂಗ್ರಹದಲ್ಲಿದ್ದರೂ ಹುಡುಕುತ್ತಿತ್ತು. ಆಮೇಲೆ ಗಿರಾಕಿ ಕೊಟ್ಟ ಆಧಾರದ ಫೋಟೊಗಳನ್ನು ನೋಡುತ್ತಿತ್ತು. ಎರಡೂ ಸಾಲದಿದ್ದರೆ ಕೋಟಿಗಟ್ಟಲೆ ಮುಖಗಳನ್ನು ಕಂಡ ತನ್ನ ಅನುಭವದಿಂದ ಊಹಿಸುತ್ತಿತ್ತು. 2058ರ ಹೊತ್ತಿಗೆ ಅದಿಲ್ಲದ ಪ್ರಿಂಟಿಂಗ್ ಅಂಗಡಿ ಕರ್ನಾಟಕದಲ್ಲಿ ಇರಲಿಲ್ಲ. ಅಷ್ಟುದ್ದದ ಹೆಸರು ಹುಬ್ಬಳ್ಳಿಯವರ ನಾಲಿಗೆಗೆ ಒಗ್ಗಲಿಲ್ಲ. ಒಳಗೆ ತುಂಬುವ ಕೆಲಸ ತಾನೇ, ಹೂರಣದ ಡಬ್ಬಿ ಎಂದರು. ಇನಾಮದಾರರಿಗೆ ಇದರಿಂದ ಸ್ವಲ್ಪ ಬೇಸರವಾಗಿತ್ತು.

ಶ್ರಾವಣ ಮುಗಿಯುತ್ತಿದ್ದಂತೆ ಮಾಬುಸಾಬ ಎಂಬ ಎಪ್ಪತ್ತೆಂಟರ ಮುದುಕ ಸಂಗಮ ಪ್ರಿಂಟರ್ಸ್‌ಗೆ ಬಂದ. ಗದಗಿನ ಹೊರವಲಯದಲ್ಲಿ ಹಿಂದೆ ಒಂದು ಜಿನ್ನಿಂಗ್ ಫ್ಯಾಕ್ಟರಿ ಇತ್ತು, ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ. 2029ರ ಆಯುಧಪೂಜೆಯ ಮಧ್ಯಾಹ್ನ ಅಲ್ಲಿಯ ಹತ್ತಿಗೆ ಬೆಂಕಿ ಬಿದ್ದು, ಹಾಜರಿ ಪುಸ್ತಕದ ಲೆಕ್ಕಕ್ಕೆ ಹತ್ತೊಂಬತ್ತು ಜನ, ಗುರುತೂ ಸಿಗದಂತೆ ಸುಟ್ಟು ಸತ್ತರು. ಯಂತ್ರಗಳಿಗೆ ಎಣ್ಣೆ ಹಾಕುತ್ತಿದ್ದ ಮಾಬುಸಾಬ ಎಲ್ಲರಿಗೂ ಮಿರ್ಚಿ ಭಜಿ ತರಲು ಹೊರಗೆ ಹೋಗಿದ್ದರಿಂದ ಬದುಕಿದ. ಬದುಕಿದ್ದಕ್ಕೆ ನಾಚಿಕೊಂಡೇ ಮುದುಕನಾದ. ಈಗ ಆ ಜಾಗದಲ್ಲಿ ಸ್ಮಾರಕ ಭವನ ಎದ್ದಿತ್ತು. ಅದರ ಅಂಗಳದ ಗೋಡೆಗೆ ತೊಂಬತ್ತಡಿ ಅಗಲ, ನಲವತ್ತಡಿ ಎತ್ತರದ ಚಿತ್ರ ಬೇಕಿತ್ತು. ಈ ಸಲದ ಆಯುಧಪೂಜೆಯ ದಿನವೇ ಪರದೆ ಸರಿಸುವುದೆಂದು ಹತ್ತೊಂಬತ್ತು ಮನೆಯವರೂ ಕೂಡಿ ನಿಶ್ಚಯಿಸಿದ್ದರು.

ಇದ್ದದ್ದು ಒಂದೇ ಚಿತ್ರ. ಆ ದಿನ ಬೆಳಿಗ್ಗೆ ಪೂಜೆ ಮುಗಿದ ಮೇಲೆ, ಚೆಂಡು ಹೂವಿನ ಮಾಲೆ ಹಾಕಿದ ಯಂತ್ರಗಳ ಮುಂದೆ ಎಲ್ಲರನ್ನೂ ನಿಲ್ಲಿಸಿ ಮೇಸ್ತ್ರಿಯ ಫೋನಿನಲ್ಲಿ ಮಾಬುಸಾಬ ತೆಗೆದದ್ದು. ಆ ಫೋನೂ ಮೇಸ್ತ್ರಿಯೂ ಅಲ್ಲೇ ಸುಟ್ಟುಹೋದರು. ಅದಕ್ಕೂ ಮುಂಚೆ ಚಿತ್ರ ವಾಟ್ಸಾಪಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗಿತ್ತು, ಹೋದಲ್ಲೆಲ್ಲ ಸಣ್ಣದಾಗುತ್ತ ಹೋಗಿತ್ತು. ಉಳಿದ ಪ್ರತಿಯಲ್ಲಿ ಅಡ್ಡಸಾಲಿಗೆ ಮುನ್ನೂರಿಪ್ಪತ್ತು ಚುಕ್ಕಿಗಳಿದ್ದವು. ತೊಂಬತ್ತಡಿಗೆ ಎಳೆದರೆ ಒಂದೊಂದು ಚುಕ್ಕಿಯೂ ಅಂಗೈಯಷ್ಟು ಅಗಲ.

"ದೂರದಿಂದ ನೋಡೂದಾದ್ರ ಹೆಂಗೋ ನಡೀತಿತ್ರಿ ಕಾಕಾ" ಎಂದಳು ನೀಲಗಂಗಾ.

"ದೂರದಿಂದ ಯಾರವ್ವ ನೋಡ್ತಾರ? ಮಕ್ಕಳು ಮೊಮ್ಮಕ್ಕಳು ಬಂದು ಕೆನ್ನಿ ಸವರಿ ನೋಡ್ತಾರ. ಹೂರಣದ ಡಬ್ಬಿಗೆ ಹಾಕು."

ಒಬ್ಬೊಬ್ಬರ ಮನೆಯಿಂದಲೂ ಆಧಾರದ ಫೋಟೊ ಬಂದವು. ಮದುವೆಯದು, ಜಾತ್ರೆಯಲ್ಲಿ ತೆಗೆಸಿದ್ದು, ಆಧಾರ್ ಕಾರ್ಡಿನದು. ಹತ್ತೊಂಬತ್ತು ಮನೆಯವರೂ ಬಂದುಹೋದ ಮೇಲೆ ಇಪ್ಪತ್ತನೆಯವಳಾಗಿ ದ್ಯಾಮವ್ವ ಬಂದಳು.

ದ್ಯಾಮವ್ವ ಕುಂದಗೋಳದ ಕಡೆಯವಳು, ವಯಸ್ಸು ಐವತ್ಮೂರು. ಅವಳ ಗಂಡ ಯಮನೂರಪ್ಪ ಹಮಾಲಿ ಮಾಡುತ್ತಿದ್ದ. ಎಲ್ಲಿ ಲಾರಿ ನಿಂತಿದೆಯೋ ಅಲ್ಲಿ ಮೂಟೆ ಹೊರುವವನು, ಯಾವ ಹಾಜರಿ ಪುಸ್ತಕದಲ್ಲೂ ಇಲ್ಲದವನು. ಆ ಆಯುಧಪೂಜೆಯ ಬೆಳಿಗ್ಗೆ ಗದಗಿನ ಕಡೆ ಹೋಗುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಬೆಂಕಿಯಲ್ಲಿ ಹೋದನೆಂದು ದ್ಯಾಮವ್ವ ಅಂದುಕೊಂಡಳು. ಗೋವಾಕ್ಕೆ ಓಡಿಹೋಗಿ ಇನ್ನೊಂದು ಮನೆ ಮಾಡಿದ್ದಾನೆಂದು ಅವನ ಅಣ್ಣತಮ್ಮಂದಿರೇ ಅಂದರು. ಇಪ್ಪತ್ತೊಂಬತ್ತು ವರ್ಷ ಅವಳು ಕುಂಕುಮ ಇಟ್ಟುಕೊಂಡೇ ಇದ್ದಳು. ಮದುವೆ ಮನೆಯಲ್ಲಿ ಮುತ್ತೈದೆಯರಿಗೆ ಉಡಿ ತುಂಬುತ್ತ ಬಂದವರ ಕೈ ಅವಳ ಮುಂದೆ ಬಂದಾಗ ತಡೆಯುತ್ತಿತ್ತು. ತುಂಬಬೇಕೋ ಬೇಡವೋ ಅವರಿಗೂ ತಿಳಿಯುತ್ತಿರಲಿಲ್ಲ, ಅವಳಿಗೂ ತಿಳಿಯುತ್ತಿರಲಿಲ್ಲ.

"ಹೆಸರ ಬರೀರಿ ಅನ್ನಾಕ ಬಂದಿಲ್ರಿ ನಾ" ಎಂದು ಅವಳು ಒಂದು ಹಳೆಯ ಫೋಟೊ ಮೇಜಿನ ಮೇಲಿಟ್ಟಳು. "ದೊಡ್ಡದು ಮಾಡಿದಾಗ ಈ ಮುಖ ಎಲ್ಲ್ಯರ ಕಂಡ್ರ ಹೇಳ್ರಿ. ಇಷ್ಟ."

ನೀಲಗಂಗಾಳ ಕಸುಬಿನಲ್ಲಿ ಒಂದು ಶಿಸ್ತಿತ್ತು. ಒಂದು ಕೆಲಸಕ್ಕೆ ಸಂಬಂಧಿಸಿ ಗಿರಾಕಿ ಏನೇ ಕೊಡಲಿ, ಅದೆಲ್ಲ ಒಂದೇ ಫೋಲ್ಡರಿಗೆ ಹೋಗಬೇಕು. ಬೇರೆ ಬೇರೆ ಇಟ್ಟರೆ ಮದುಮಗನ ಪಕ್ಕ ಇನ್ಯಾರದೋ ಮದುಮಗಳು ಬಂದು ನಿಲ್ಲುವ ಅನಾಹುತವಾಗುತ್ತದೆ. ಎಷ್ಟೋ ಅಂಗಡಿಗಳಲ್ಲಿ ಆಗಿದೆ. ಇಪ್ಪತ್ತೈದು ವರ್ಷದಲ್ಲಿ ಸಂಗಮ ಪ್ರಿಂಟರ್ಸ್‌ನಲ್ಲಿ ಒಮ್ಮೆಯೂ ಆಗಿರಲಿಲ್ಲ. ಆಕೆ ಯಮನೂರಪ್ಪನ ಫೋಟೊವನ್ನೂ ಸ್ಕ್ಯಾನ್ ಮಾಡಿ ಅದೇ ಫೋಲ್ಡರಿಗೆ ಹಾಕಿದಳು.

ನಾಲ್ಕು ದಿನದ ಮೇಲೆ ಒಂದಾಳೆತ್ತರದ ಮಾದರಿ ಮುದ್ರಣ ಸಿದ್ಧವಾಯಿತು. ಹತ್ತೊಂಬತ್ತು ಮುಖಗಳೂ ಬೆವರಿನ ಹನಿಸಮೇತ ಬಂದಿದ್ದವು. ಹಿಂದೆ, ಗೋದಾಮಿನ ಬಾಗಿಲ ನೆರಳಿನಲ್ಲಿ, ಮೊದಲು ಬರೀ ಮಸಿಯಂತಿದ್ದ ಕಡೆ ಇಪ್ಪತ್ತನೆಯವನೊಬ್ಬ ನಿಂತಿದ್ದ. ತೆಳ್ಳಗಿನ ಮೀಸೆ, ಕಿವಿಯ ಮೇಲೆ ಸಿಕ್ಕಿಸಿದ ಚೆಂಡು ಹೂವು. ಸಾಲಿನಲ್ಲಿ ನಿಲ್ಲಲು ತನಗೆ ಹಕ್ಕಿಲ್ಲವೆಂದು ಬಾಗಿಲಲ್ಲೇ ಉಳಿದವನಂತೆ ನಿಂತಿದ್ದ.

ದ್ಯಾಮವ್ವ ಕೂಗಲಿಲ್ಲ, ಬೀಳಲಿಲ್ಲ. ಹತ್ತಿರ ಹೋಗಿ ಆ ಮೀಸೆಯ ಮೇಲೆ ಬೆರಳಿಟ್ಟು, "ಇಲ್ಲೇ ಅದೀಯೇನು" ಎಂದಳು. ಆಮೇಲೆ ಅಂಗಡಿಯ ನೆಲದ ಮೇಲೆ ಕುಳಿತು ಅತ್ತಳು. ಗಂಡ ಸತ್ತನೆಂದು ತಿಳಿದು ಅಷ್ಟು ನೆಮ್ಮದಿಯಿಂದ ಅತ್ತವರನ್ನು ನೀಲಗಂಗಾ ಕಂಡಿರಲಿಲ್ಲ.

ಮಾದರಿ ನೋಡಿದ ಮಾಬುಸಾಬ ಮೊದಲು ಕಣ್ಣು ಕಿರಿದು ಮಾಡಿ, "ಇಂವ ಯಾರೋ ನನಗ ನೆಪ್ಪಿಲ್ಲ" ಎಂದ. ಒಂದು ಚಹಾ ಕುಡಿದ ಮೇಲೆ, "ಒಬ್ಬ ಹಮಾಲ ಬಂದಿದ್ನಲ್ಲ" ಎಂದ. ಮರುದಿನ ಫೋನು ಮಾಡಿ, "ಹೌದವ್ವ, ಕಿವಿ ಮ್ಯಾಲ ಹೂವಾ ಇಟಗೊಂಡಿದ್ದ, ನಾನಾ ಇಡಸಿದ್ದೆ!" ಎಂದ. ವಾರದೊಳಗೆ ಅವನಿಗೆ ಯಮನೂರಪ್ಪ ಆಡಿದ ಮಾತುಗಳೂ ನೆನಪಾದವು. ದ್ಯಾಮವ್ವ ಕುಂಕುಮ ಅಳಿಸಿದಳು. ಇಪ್ಪತ್ತೊಂಬತ್ತು ವರ್ಷ ತಡವಾಗಿ ಗಂಡನ ದಿನ ಮಾಡಿದಳು. ಗೋವಾ ಗೋವಾ ಎನ್ನುತ್ತಿದ್ದ ಮೈದುನರೆಲ್ಲ ಬಂದು ಊಟ ಮಾಡಿ, ಅವಳ ಕಾಲು ಮುಟ್ಟಿ ತಪ್ಪಾಯಿತೆಂದರು. ಸ್ಮಾರಕದ ಕಲ್ಲಿನ ಮೇಲೆ ಇಪ್ಪತ್ತನೆಯ ಹೆಸರು ಕೆತ್ತಲು ಹೇಳಿದ್ದಾಯಿತು.

ಎಲ್ಲರಿಗೂ ಒಳ್ಳೆಯದೇ ಆಯಿತಲ್ಲ, ಇನ್ನೇನು? ನೀಲಗಂಗಾ ಕೂಡ ಹಾಗೇ ಅಂದುಕೊಂಡು ಒಂದು ದಿನ ಕಳೆದಳು. ಆದರೆ ಕಸುಬಿನವರ ಕಣ್ಣು ಸುಮ್ಮನಿರುವುದಿಲ್ಲ. ತೊಂಬತ್ತಡಿಯ ಬಟ್ಟೆಯನ್ನು ಪಟ್ಟಿಗಳಾಗಿ ಭಾಗಿಸುವಾಗ, ಯಾವ ಮುಖದ ಮೇಲೂ ಹೊಲಿಗೆ ಬರಬಾರದೆಂದು ಆಕೆ ಮೂಲ ಚಿತ್ರವನ್ನು ಪಕ್ಕದಲ್ಲಿ ತೆರೆದಿಟ್ಟಿದ್ದಳು. ಆಗ ಬಾಗಿಲ ಬಳಿಯ ಆ ಮಸಿಯನ್ನು ಎಣಿಸಿದಳು. ಅಡ್ಡ ಏಳು, ಉದ್ದ ಒಂಬತ್ತು. ಅರವತ್ತಮೂರು ಚುಕ್ಕಿ. ಅದರಲ್ಲಿ ಎರಡು ಕಿತ್ತಳೆ, ನಾಲ್ಕು ಕಪ್ಪು, ಉಳಿದದ್ದು ಬೂದು. ಮೇಲ್ಗಡೆಯಿಂದ ಬಾಗಿಲ ಚೌಕಟ್ಟಿಗೆ ಹೋಗುವ ಒಂದು ತೆಳು ಗೆರೆಯೂ ಇದ್ದಂತಿತ್ತು.

ಆಕೆ ಮಾಬುಸಾಬನಿಗೆ ಫೋನು ಮಾಡಿದಳು. "ಕಾಕಾ, ಆ ಬಾಗಿಲಿಗೆ ಏನರ ತೂಗಹಾಕಿದ್ರೇನ್ರಿ?"

"ಎಲ್ಲಾ ಫ್ಯಾಕ್ಟರ್‍ಯಾಗ ಹಾಕೂದಾ ಹಾಕಿದ್ವಿ. ದೃಷ್ಟಿ ಆಗಬಾರದಂತ ಬೂದಗುಂಬಳಕಾಯಿಗೆ ಕಣ್ಣು ಮೀಸಿ ಬರದು, ಹೂವಾ ಚುಚ್ಚಿ, ಹಗ್ಗಾ ಕಟ್ಟಿ ತೂಗಬಿಟ್ಟಿದ್ವಿ. ಯಾಕ?"

"ಏನಿಲ್ರಿ" ಎಂದು ನೀಲಗಂಗಾ ಫೋನಿಟ್ಟಳು.

ಮರುದಿನ ಬೆಳಿಗ್ಗೆಯೇ ಆಕೆ ಧಾರವಾಡದ ಇನಾಮದಾರರ ಪ್ರಯೋಗಾಲಯಕ್ಕೆ ಹೋದಳು. ಇನಾಮದಾರರು ಅರವತ್ತು ದಾಟಿದ ಸಂಕೋಚದ ಮನುಷ್ಯ. ಎದುರಿನವರ ಕಣ್ಣು ನೋಡದೆ ಅವರ ಹೆಗಲಿಗೆ ಪಾಠ ಹೇಳುವವರಂತೆ ಮಾತಾಡುತ್ತಿದ್ದರು. ಆಕೆ ನಡೆದದ್ದೆಲ್ಲ ಹೇಳಿದ ಮೇಲೆ ಅವರು ಫೈಲು ತೆರೆದು ನೋಡಿದರು.

"ಅರವತ್ತಮೂರು ಚುಕ್ಕಿಯಿಂದ ಎಪ್ಪತ್ತೆರಡು ಲಕ್ಷ ಮಾಡೇದ" ಎಂದರು. ಧ್ವನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ಪಾಪ, ತಮ್ಮ ಕೂಸು ತಾನೇ.

"ಅದ್ರಾಗ ಸಾಕ್ಷಿ ಎಷ್ಟು, ಊಹೆ ಎಷ್ಟು ಅಂತ ತೋರಸ್ತೈತೇನ್ರಿ ಸರ?"

"ಇಲ್ಲ. ಮೊದಲ ಮಾದರ್‍ಯಾಗ ತೋರಸ್ತಿತ್ತು, ಊಹೆ ಇದ್ದಲ್ಲೆ ಹಳದಿ ಬಣ್ಣ ಬರ್ತಿತ್ತು. ಅಂಗಡಿಯವರು ಬ್ಯಾಡಂದ್ರು. ಎಲ್ಲಾರ ಮುಖಾನೂ ಹಳದಿ ಆಗ್ತದ, ಗಿರಾಕಿ ಹೆದರ್ತಾರ ಅಂದ್ರು. ತಗದೆ."

ಬೇಡವೆಂದ ಅಂಗಡಿಯವರಲ್ಲಿ ನೀಲಗಂಗಾಳೂ ಒಬ್ಬಳಾಗಿದ್ದಳು.

"ಒಂದು ಕೆಲಸಾ ಮಾಡೋಣು" ಎಂದು ಇನಾಮದಾರರು ಫೋಲ್ಡರಿನಿಂದ ಯಮನೂರಪ್ಪನ ಫೋಟೊ ತೆಗೆದು, ಅದರ ಬದಲು ದೃಷ್ಟಿ ಕುಂಬಳಕಾಯಿಯ ಒಂದು ಚಿತ್ರ ಹಾಕಿದರು. ಯಂತ್ರ ಗುಂಯ್ಗುಟ್ಟಿತು. ಬಾಗಿಲಲ್ಲಿ ಕುಂಬಳಕಾಯಿ ಬಂದು ತೂಗಿತು. ಬಿಳಿಯ ಬೂದಿ, ಸುಣ್ಣದ ಕಣ್ಣು, ಇದ್ದಲಿನ ಮೀಸೆ, ಮೇಲೊಂದು ಚೆಂಡು ಹೂವು, ಹಗ್ಗದ ಗಂಟು. ಇದಕ್ಕಿಂತ ಸ್ಪಷ್ಟವಾದ ಕುಂಬಳಕಾಯಿ ಇರಲು ಸಾಧ್ಯವಿರಲಿಲ್ಲ.

"ಹಂಗಾರ ಕುಂಬಳಕಾಯೇ ಅಂದ್ರಿ?"

"ತಡೀರಿ." ಅವರು ಗೋಡೆಯ ಮೇಲಿನ ಕ್ಯಾಮೆರಾದಿಂದ ನೀಲಗಂಗಾಳ ಚಿತ್ರವನ್ನೇ ತೆಗೆದು ಫೋಲ್ಡರಿಗೆ ಹಾಕಿದರು.

ಬಾಗಿಲಲ್ಲಿ ನೀಲಗಂಗಾ ನಿಂತಿದ್ದಳು. ಈಗಿನವಳಲ್ಲ, ಯಂತ್ರ ಇಸವಿಯ ಲೆಕ್ಕ ಹಾಕಿತ್ತು. ಇಪ್ಪತ್ತೆರಡರ ಹುಡುಗಿ, ಕಿವಿಯ ಮೇಲೆ ಚೆಂಡು ಹೂವು. ಆ ವರ್ಷದ ಆಯುಧಪೂಜೆಯ ದಿನ ತಾನೆಲ್ಲಿದ್ದೆ ಎಂದು ಆಕೆ ನೆನಪಿಸಿಕೊಳ್ಳಲು ನೋಡಿದಳು. ಹುಬ್ಬಳ್ಳಿಯ ಮನೆಯಲ್ಲಿದ್ದೆನಲ್ಲ? ಇದ್ದೆನೇ? ಹತ್ತಿಯ ಧೂಳಿನ ವಾಸನೆ ಮೂಗಿಗೆ ಬಂದಂತಾಯಿತು. ಗದಗಿನ ಆ ಫ್ಯಾಕ್ಟರಿಯನ್ನು ತಾನು ಒಮ್ಮೆಯೂ ನೋಡಿಲ್ಲವೆಂದು ಗಟ್ಟಿಯಾಗಿ ಹೇಳಿಕೊಳ್ಳಬೇಕಾಯಿತು. ತನ್ನ ತಲೆಯೇ ತನ್ನ ಕೈ ತಪ್ಪುತ್ತಿದೆಯೆಂದು ಆಕೆಗೆ ನಿಜವಾಗಿ ಭಯವಾಯಿತು. ಹಾಗಿದ್ದರೆ ಮುದುಕ ಮಾಬುಸಾಬನನ್ನು ಯಾವ ಬಾಯಿಂದ ತಪ್ಪೆನ್ನುವುದು?

"ಸರ, ಯಾವುದು ಖರೇ?"

ಇನಾಮದಾರರು ಮೊದಲ ಸಲ ಆಕೆಯ ಮುಖ ನೋಡಿದರು. "ಅಲ್ಲೆ ಯಮನೂರಪ್ಪ ಇದ್ದಿರಬಹುದು. ಕುಂಬಳಕಾಯಿ ಇದ್ದಿರಬಹುದು. ಕುಂಬಳಕಾಯಿ ಹಿಂದ ಅಂವಾ ನಿಂತಿರಬಹುದು. ನನ್ನ ಯಂತ್ರಕ್ಕ ಗೊತ್ತಿಲ್ಲ. ಗೊತ್ತಿಲ್ಲಾ ಅನ್ನೂದು ಅದಕ್ಕ ಬರೂದಿಲ್ಲ, ನಾ ಕಲಿಸಿಲ್ಲ."

ಹಿಂದಿರುಗುವ ಬಸ್ಸಿನಲ್ಲಿ ನೀಲಗಂಗಾಳ ತಲೆ ಕಲಸಿದ ಹಿಟ್ಟಾಗಿತ್ತು. ಹೇಳದಿದ್ದರೆ ಒಬ್ಬ ಹೆಂಗಸು ಇನ್ನುಳಿದ ಜೀವಮಾನವನ್ನು ನೆಮ್ಮದಿಯಿಂದ ಕಳೆಯುತ್ತಾಳೆ. ಹೇಳಿದರೆ ಗೋವಾ ಮತ್ತೆ ಎದ್ದು ಬರುತ್ತದೆ, ಉಡಿ ತುಂಬುವವರ ಕೈ ಮತ್ತೆ ತಡೆಯುತ್ತದೆ. ಸುಳ್ಳು ಎಂದು ಹೇಳುವುದಕ್ಕೂ ಇದು ಸುಳ್ಳೆಂದು ಗೊತ್ತಿಲ್ಲವಲ್ಲ! ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಲು ಒಬ್ಬಳ ಮನೆ ಮುರಿಯಬೇಕೆ? ನವಲೂರಿನ ಹತ್ತಿರ ಹೇಳುವುದು ಬೇಡವೆಂದುಕೊಂಡಳು. ಉಣಕಲ್ಲಿನ ಹತ್ತಿರ ಹೇಳಲೇಬೇಕೆಂದುಕೊಂಡಳು. ಹುಬ್ಬಳ್ಳಿಯಲ್ಲಿ ಇಳಿದಾಗ ಯಾವುದೂ ನಿಶ್ಚಯವಾಗಿರಲಿಲ್ಲ. ಆದರೆ ಕಾಲುಗಳು ಅಂಗಡಿಯ ಕಡೆ ಹೋಗದೆ ಕುಂದಗೋಳದ ಬಸ್ಸು ಹತ್ತಿದವು.

ದ್ಯಾಮವ್ವ ಮನೆಯ ಮುಂದೆ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಬೋಳು ಹಣೆ ಇನ್ನೂ ಹೊಸದಾಗಿ ಕಾಣುತ್ತಿತ್ತು. ನೀಲಗಂಗಾ ಒಂದನ್ನೂ ಬಿಡದೆ ಹೇಳಿದಳು. ಫೋಲ್ಡರು, ಕುಂಬಳಕಾಯಿ, ಬಾಗಿಲಲ್ಲಿ ಬಂದು ನಿಂತ ತಾನು, ಎಲ್ಲವನ್ನೂ. "ತಪ್ಪು ನಂದು. ನಿಮ್ಮ ಫೋಟೊ ಬ್ಯಾರೆ ಇಡಬೇಕಿತ್ತು" ಎಂದಳು.

ದ್ಯಾಮವ್ವನ ಕೈ ನಿಂತಿತು.

"ನಾ ಅತ್ತಬಿಟ್ಟೀನಲ್ರಿ" ಎಂದಳು ಕೊನೆಗೆ. "ಅಷ್ಟ ವರ್ಷದ್ದು ಕೂಡಿ ಒಮ್ಮೆ ಅತ್ತಬಿಟ್ಟೀನಿ. ಅದನ್ನ ಹೊಳ್ಳಿ ನನ್ನ ಕಣ್ಣಾಗ ಹಾಕಾಕ ಬರ್ತೈತೇನು ನಿಮಗ?"

ನೀಲಗಂಗಾ ತಲೆ ತಗ್ಗಿಸಿದಳು. ಬಂದ ಬಸ್ಸಿಗೇ ತಿರುಗಿ ಹೋಗಬೇಕೆನ್ನಿಸಿತು.

"ನಿಮ್ಮ ಡಬ್ಬಿಗೆ ಹಾಕೂಕಿಂತ ಮೊದ್ಲ ಹ್ಯಾಂಗಿತ್ತದು? ತೋರಸ್ರಿ."

ನೀಲಗಂಗಾ ಟ್ಯಾಬ್ಲೆಟ್ ತೆರೆದು ಆ ಚೌಕಗಳನ್ನಷ್ಟೇ ದೊಡ್ಡದು ಮಾಡಿ ಕೊಟ್ಟಳು. ದ್ಯಾಮವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಗಾಜು ಒರೆಸಿ ನೋಡಿದಳು. ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

"ಇದ್ರಾಗ ಅಂವ ಇರಬೌದು?"

"ಇರಬೌದ್ರಿ."

"ಇರಲಿಕ್ಕನೂ ಇಲ್ಲ?"

"ಹೌದ್ರಿ."

"ಇಷ್ಟ ದಿವಸ ನನ್ನ ಕಡೆ ಇದ್ದದ್ದು ಇದಾ ನೋಡ್ರಿ" ಎಂದಳು ದ್ಯಾಮವ್ವ. ಅವಳ ಧ್ವನಿಯಲ್ಲಿ ಸಿಟ್ಟಿತ್ತು, ಅಳುವೂ ಇತ್ತು. "ಒಬ್ಬರಿಗೂ ತೋರಸಾಕ ಬಂದಿರಲಿಲ್ಲ. ಸತ್ತಾನ ಅಂದ್ರ ಹ್ಞೂಂ ಅನಬೇಕಿತ್ತು, ಓಡಿ ಹೋಗ್ಯಾನ ಅಂದ್ರ ಸುಮ್ಮನಿರಬೇಕಿತ್ತು. ಇದನ್ನಾ ಹಾಕ್ರಿ ಗ್ವಾಡಿ ಮ್ಯಾಲ. ಹಿಂಗಾ, ಚೌಕಚೌಕ. ನೋಡಿದವ್ರಿಗೆ ಗೊತ್ತಾಗ್ಲಿ ನಾ ಏನ ನೋಡಕೋಂತ ಬದುಕೀನಿ ಅಂತ."

ಮಾಬುಸಾಬ ಒಪ್ಪಲಿಲ್ಲ. ಅಷ್ಟು ಚೆಂದದ ಚಿತ್ರದಲ್ಲಿ ಒಂದು ಕಡೆ ಹುಳ ತಿಂದಂತೆ ಇರುತ್ತದೆ, ಪ್ರಿಂಟು ಕೆಟ್ಟಿದೆ ಅನ್ನುತ್ತಾರೆ ಎಂದು ರೇಗಿದ. ತಾನು ಕಣ್ಣಾರೆ ಕಂಡಿದ್ದೇನೆ, ಕಿವಿಯ ಮೇಲೆ ಹೂವು ಇಡಿಸಿದವನೇ ತಾನು ಎಂದ. ನೀಲಗಂಗಾ ಕುಂಬಳಕಾಯಿಯ ಮುದ್ರಣವನ್ನು ಅವನ ಮುಂದೆ ಹಿಡಿದಳು. ಅದೇ ಜಾಗದಲ್ಲಿ ಅದೇ ಹೂವು. ಮುದುಕ ಒಮ್ಮೆ ಅದನ್ನು, ಒಮ್ಮೆ ತನ್ನ ಕೈಯನ್ನು ನೋಡಿಕೊಂಡ.

"ಹಂಗಾರ ನಾ ಹೂವಾ ಯಾರಿಗೆ ಇಡಸಿದೆನವ್ವ?" ಎಂದ. ಅವನು ಮುಂದೆ ಆ ಮಾತು ಎತ್ತಲಿಲ್ಲ. ಕಲ್ಲಿನ ಮೇಲೆ ಯಮನೂರಪ್ಪನ ಹೆಸರಿನ ಪಕ್ಕ 'ಇದ್ದಿರಬಹುದು' ಎಂದು ಕೆತ್ತಿಸಲು ಅವನೇ ಹೋಗಿ ಹೇಳಿಬಂದ. ಅಂಥ ಮಾತನ್ನು ಇದುವರೆಗೆ ಯಾವ ಕಲ್ಲಿನ ಮೇಲೂ ಬರೆದಿಲ್ಲವೆಂದು ಕೆತ್ತುವವನು ಎರಡು ಸಲ ಕೇಳಿ ಖಚಿತ ಮಾಡಿಕೊಂಡ.

ಆಯುಧಪೂಜೆಯ ಬೆಳಿಗ್ಗೆ ಪರದೆ ಸರಿಯಿತು. ಹತ್ತೊಂಬತ್ತು ಜನ ಬಿಸಿಲಿನಲ್ಲಿ ಮಿನುಗುತ್ತ ನಿಂತರು. ಮನೆಯವರು ಹತ್ತಿರ ಹೋಗಿ ಕೈಗೆಟುಕಿದಷ್ಟು ಸವರಿದರು. ಆಮೇಲೆ ಒಬ್ಬೊಬ್ಬರದೇ ಕಣ್ಣು ಬಾಗಿಲ ಕಡೆ ಹೋಯಿತು. ಅಲ್ಲಿ ಅಂಗೈಯಗಲದ ಅರವತ್ತಮೂರು ಚೌಕಗಳು ಬೂದು, ಕಪ್ಪು, ಕಿತ್ತಳೆಯಾಗಿ ಮೊಂಡುಹಿಡಿದು ಕೂತಿದ್ದವು. ಯಂತ್ರ ಕೆಟ್ಟಿತ್ತೇ, ಬಣ್ಣ ಮುಗಿದಿತ್ತೇ ಎಂದು ಗುಸುಗುಸು ಎದ್ದಿತು. ನೀಲಗಂಗಾ ಮೈಕಿನ ಮುಂದೆ ನಿಂತು, ಬೆವರುತ್ತ, ಅದೇನೆಂದು ನಾಲ್ಕೇ ಮಾತಿನಲ್ಲಿ ಹೇಳಿದಳು.

ಸಾಲಿನ ಎಡತುದಿಯಲ್ಲಿ ನಿಂತವನ ಮಗಳು, ನಲವತ್ತರ ಆಸುಪಾಸಿನ ಶಿಕ್ಷಕಿ, ಗುಂಪಿನಿಂದ ಮುಂದೆ ಬಂದಳು.

"ಹಂಗಂದ್ರ ನಮ್ಮಪ್ಪನ ಮುಖದಾಗ ನಮ್ಮಪ್ಪ ಎಷ್ಟದಾನ್ರಿ?"

ನೀಲಗಂಗಾ ಇದಕ್ಕೆ ತಯಾರಾಗಿರಲಿಲ್ಲ. ಆದರೂ ಲೆಕ್ಕ ಗೊತ್ತಿತ್ತು. "ಇನ್ನೂರ ನಾಲ್ವತ್ತ ಚುಕ್ಕಿ" ಎಂದಳು. "ಉಳಿದದ್ದು ನೀವು ಕೊಟ್ಟ ಮದಿವಿ ಫೋಟೊದ್ದು, ಯಂತ್ರದ್ದು."

ಶಿಕ್ಷಕಿ ತಂದೆಯ ಮುಖದ ಕಡೆ ತಿರುಗಿದಳು. ಬೆವರ ಹನಿ, ಹುಬ್ಬಿನ ಕೂದಲು, ನಗು. ಸ್ವಲ್ಪ ಹೊತ್ತಿನ ಮುಂಚೆ ಅದನ್ನೇ ಸವರಿ ಅತ್ತಿದ್ದಳು. ಈಗ ಆ ನಗು ತಂದೆ ಆ ದಿನ ನಕ್ಕಿದ್ದೋ, ಮದುವೆಯ ದಿನ ನಕ್ಕಿದ್ದೋ, ಯಾರೂ ಎಂದೂ ನಗದೇ ಇದ್ದದ್ದೋ ಎಂದು ತಿಳಿಯದೆ, ಮತ್ತೆ ಸವರಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದಳು. ಹಿಂದೆ ನಿಂತಿದ್ದ ಇನಾಮದಾರರು ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟು ದೊಡ್ಡ ಗೋಡೆಯ ಮೇಲೆ ಆ ಬೆಳಗಿನ ಫೋಟೊ ಎಂದು ಆಣೆ ಮಾಡಿ ಹೇಳಬಹುದಾದದ್ದು ದ್ಯಾಮವ್ವನ ಆ ಚೌಕಗಳು ಮಾತ್ರ ಎಂಬುದು ಅವರಿಗೆ ಹೊಳೆದಿತ್ತು. ಹಳದಿ ಬಣ್ಣವನ್ನು ತಿರುಗಿ ಹಾಕುತ್ತೇನೆ ಎಂದು ಪಕ್ಕದಲ್ಲಿದ್ದವರಿಗೆ ಹೇಳಿದರು. ಆಮೇಲೆ ಹಾಕಿದರು ಕೂಡ. ಹಾಕಿದ ಯಂತ್ರಗಳನ್ನು ಕೊಳ್ಳುವವರು ಕಡಿಮೆಯಾದರು, ಆ ಮಾತು ಬೇರೆ.

ಜನ ಎಂದಮೇಲೆ ಫೋಟೊ ತೆಗೆಯದೆ ಇರುತ್ತಾರೆಯೆ? ಎಲ್ಲರ ಕೈಯಲ್ಲೂ ಫೋನು ಎದ್ದವು. ಅವು ಯಾವ ವಿಶೇಷ ಯಂತ್ರಗಳೂ ಅಲ್ಲ, ನಮ್ಮ ನಿಮ್ಮ ಜೇಬಿನಲ್ಲಿರುವ ಫೋನುಗಳ ಮೊಮ್ಮಕ್ಕಳು. ತೆಗೆದ ಚಿತ್ರವನ್ನು ಕೇಳದೆಯೇ ತಿದ್ದಿ, ಕಲೆ ಅಳಿಸಿ, ಮಸುಕಾದದ್ದನ್ನು ಚೆಂದ ಮಾಡಿ ಕೊಡುವ ಚಾಳಿ ಅವಕ್ಕೆ ಅಜ್ಜಂದಿರಿಂದ ಬಂದಿತ್ತು. ಆ ಅಜ್ಜ ಫೋನುಗಳ ಕಾಲದಲ್ಲಿ ನಾವೆಲ್ಲ, ನನ್ನ ಫೋಟೊ ನನಗಿಂತ ಚೆನ್ನಾಗಿ ಬರುತ್ತದೆ ಎಂದು ಖುಷಿಪಟ್ಟವರೇ.

"ಯಕ್ಕಾ, ಇಲ್ಲಿ ನೋಡು!" ಎಂದು ದ್ಯಾಮವ್ವನ ಮೈದುನ ಓಡಿಬಂದ. ಅವನ ಫೋನಿನಲ್ಲಿ ಬಾಗಿಲ ಚೌಕಗಳೆಲ್ಲ ಕರಗಿ ಒಬ್ಬ ಗಂಡಸಿನ ಮುಖವಾಗಿತ್ತು, ತೆಳ್ಳಗಿನ ಮೀಸೆ, ನಗು. "ಅಣ್ಣ ಬಂದಾನ 'ಕ್ಕಾ, ಅಣ್ಣಾನಾ ಇಂವ!" ಅವನ ಪಕ್ಕದವಳ ಫೋನಿನಲ್ಲಿ ಅದೇ ಜಾಗದಲ್ಲಿ ಒಬ್ಬ ಮುದುಕನಿದ್ದ. ಇನ್ನೊಬ್ಬರದರಲ್ಲಿ ಗಡ್ಡದ ಹುಡುಗ. ಮತ್ತೊಬ್ಬರದರಲ್ಲಿ ಬಾಗಿಲು ಖಾಲಿ ಇತ್ತು, ಮರದ ಗೆರೆಗಳು ಮಾತ್ರ. ಎಲ್ಲವೂ ಕನ್ನಡಿಯಷ್ಟು ಸ್ವಚ್ಛವಾಗಿದ್ದವು. ಅವರು ತಂತಮ್ಮ ಫೋನುಗಳನ್ನು ದ್ಯಾಮವ್ವನ ಕಣ್ಣಿನ ಮುಂದೆ ಒಂದರ ಮೇಲೊಂದು ಹಿಡಿದರು. ತಾನು ತಂದದ್ದೇ ನಿಜವೆಂದು ಒಬ್ಬೊಬ್ಬರೂ ವಾದಕ್ಕೆ ನಿಂತರು.

ದ್ಯಾಮವ್ವ ಎರಡೂ ಕೈಗಳಿಂದ ಆ ಫೋನುಗಳನ್ನೆಲ್ಲ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ತಗೀರೆಪ ಅವನ್ನ" ಎಂದಳು. "ಅಡ್ಡ ಬರಾಕತ್ತಾವ. ನನಗ ಕಾಣವಲ್ದು."